‘ಫ್ರೀ ವೈಫೈ’ ಬೋರ್ಡ್ ನೋಡಿ ಕೋಣೆ ಹಿಡಿಯುವ ಮುನ್ನ: ಕಾಂಗೇಯಂಗೆ ಬರುವ ವ್ಯಾಪಾರಿ ಬಂಧುಗಳಿಗೆ ಮಾಹಿತಿ



ಈ ಪುಟದಲ್ಲಿ ನಾವು ಹೆಚ್ಚಾಗಿ ಕಾರ್ಯಕ್ರಮಗಳ ವರದಿ, ಸಭೆಯ ಸೂಚನೆ, ಮಕ್ಕಳ ಕನ್ನಡ ತರಗತಿಯ ವಿಷಯ ಬರೆಯುತ್ತೇವೆ. ಈ ಸಲ ಹೋಟೆಲು, ಲಾಡ್ಜುಗಳ ಇಂಟರ್ನೆಟ್ ಬಗ್ಗೆ ಬರೆಯುತ್ತಿದ್ದೇವೆ. ಇದು ಸಂಘಕ್ಕೆ ಸಂಬಂಧಿಸಿದ ವಿಷಯವೇ ಎಂದು ಕೆಲವರಿಗೆ ಅನ್ನಿಸಬಹುದು. ಸಂಬಂಧ ಇದೆ. ಊರಿನಿಂದ ಬರುವವರು ಎಲ್ಲಿ ಇಳಿದುಕೊಳ್ಳಬೇಕೆಂದು ಮೊದಲು ಕೇಳುವುದು ನಮ್ಮನ್ನೇ. ಹಿಂದೆ ಅವರ ಪ್ರಶ್ನೆ ಎರಡೇ ಇರುತ್ತಿತ್ತು: ಬಿಸಿನೀರು ಬರುತ್ತದೆಯೇ, ಹತ್ತಿರದಲ್ಲಿ ಒಳ್ಳೆಯ ಊಟ ಸಿಗುತ್ತದೆಯೇ? ಈಗ ಮೂರನೆಯದು ಸೇರಿದೆ: ವೈಫೈ ಇದೆಯೇ? ‘ಇದೆ’ ಎಂದು ನಾವು ಸಲೀಸಾಗಿ ಹೇಳಿಬಿಡುತ್ತಿದ್ದೆವು. ಹಾಗೆ ಹೇಳಿದ್ದರಿಂದ ಒಬ್ಬರು ಎಷ್ಟು ಕಷ್ಟಪಟ್ಟರು ಎಂಬುದನ್ನು ಮೊದಲು ತಿಳಿಸುತ್ತೇವೆ.

ನಮ್ಮ ಊರಿಗೆ ಯಾರು, ಏಕೆ ಬರುತ್ತಾರೆ

ಕಾಂಗೇಯಂ ಎಂದರೆ ಹೊರಗಿನವರಿಗೆ ಇಲ್ಲಿನ ಹೋರಿಗಳ ತಳಿ ನೆನಪಾಗುತ್ತದೆ, ಇಲ್ಲವೇ ಶಿವನ್‌ಮಲೈ ಸುಬ್ರಹ್ಮಣ್ಯ ದೇವಸ್ಥಾನ. ವ್ಯಾಪಾರಿಗಳಿಗೆ ಇದು ತೆಂಗಿನ ಎಣ್ಣೆಯ ಊರು, ಅಕ್ಕಿ ಗಿರಣಿಗಳ ಊರು. ತೆಂಗಿನಕಾಯಿ ಒಡೆದು ಒಣಗಿಸುವ ಕಳಗಳು ಊರಿನ ಸುತ್ತ ಎಲ್ಲೆಲ್ಲೂ ಇವೆ. ತಮಿಳಿನಲ್ಲಿ ಕಳಂ ಎನ್ನುವುದೇ ನಮ್ಮ ಕಣ. ತಿಪಟೂರು, ಅರಸೀಕೆರೆ ಸೀಮೆ ಉಂಡೆ ಕೊಬ್ಬರಿಗೆ ಹೆಸರಾದರೆ ಇಲ್ಲಿಯದು ಎಣ್ಣೆ ಕೊಬ್ಬರಿ. ಹಾಗಾಗಿ ಆ ಕಡೆಯ ಕಾಯಿ, ಕೊಬ್ಬರಿ, ಭತ್ತದ ವ್ಯಾಪಾರಿಗಳಿಗೂ ಈ ಊರಿಗೂ ನಂಟು. ಸುಮಾರು 30 ಕಿಲೋಮೀಟರ್ ದೂರದ ತಿರುಪ್ಪೂರಿಗೆ ಬನಿಯನ್ ಬಟ್ಟೆಯ ವ್ಯವಹಾರಕ್ಕೆ ಬೆಂಗಳೂರಿನವರು ಬರುತ್ತಾರೆ. ಅಲ್ಲಿ ಕೋಣೆ ಸಿಗದಿದ್ದರೆ ಇಲ್ಲಿ ತಂಗುವವರೂ ಉಂಟು.

ಈ ಸಂಬಂಧ ಇಂದು ನಿನ್ನೆಯದಲ್ಲ. 1799ರವರೆಗೆ ಕೊಯಮತ್ತೂರು ಸೀಮೆ ಮೈಸೂರಿನ ಆಳ್ವಿಕೆಯಲ್ಲಿತ್ತು. ಕೊಳ್ಳೇಗಾಲ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿತ್ತು. ಮನೆಯಲ್ಲಿ ಇಂದಿಗೂ ಕನ್ನಡ ಮಾತಾಡುವ ದೇವಾಂಗ ಮನೆತನಗಳು ಈ ಭಾಗದಲ್ಲಿ ತಲೆಮಾರುಗಳಿಂದ ನೆಲೆಸಿವೆ. ಹಾಗಾಗಿ ಬರುವವರನ್ನು ನಾವು ಅತಿಥಿಗಳೆಂದು ಎಣಿಸುವುದಿಲ್ಲ, ಮನೆಯವರೆಂದೇ ನೋಡಿಕೊಳ್ಳುತ್ತೇವೆ.

ಆ ರಾತ್ರಿ ನಡೆದದ್ದು

ಅರಸೀಕೆರೆ ಕಡೆಯ ಕೊಬ್ಬರಿ ವ್ಯಾಪಾರಿಯೊಬ್ಬರು ನಮ್ಮ ಸಂಘಕ್ಕೆ ಹಳೆಯ ಪರಿಚಯ. ಇಲ್ಲಿನ ಎಣ್ಣೆ ಮಿಲ್ಲಿಗೆ ತಮ್ಮ ಸ್ವಂತ ಲಾರಿಯಲ್ಲಿ ಸರಕು ಹಾಕಿ, ಹಳೆಯ ಬಾಕಿಯ ಲೆಕ್ಕ ಮುಗಿಸಲೆಂದು ತಾವು ಬಸ್ಸಿನಲ್ಲಿ ಮುಂಚೆಯೇ ಬಂದರು. ಲಾಡ್ಜ್ ಹೇಳಿದ್ದು ನಾವೇ. ಬಾಗಿಲಲ್ಲೇ ‘ಫ್ರೀ ವೈಫೈ’ ಎಂಬ ಬೋರ್ಡು ಇತ್ತು.

ಲಾರಿ ಚಾಮರಾಜನಗರದ ಹತ್ತಿರ ಕೆಟ್ಟು ನಿಂತಿತು. ರಿಪೇರಿ ಮುಗಿಯುವಷ್ಟರಲ್ಲಿ ಸಂಜೆಯಾಗಿತ್ತು. ಅಲ್ಲಿಂದ ಸತ್ಯಮಂಗಲಕ್ಕೆ ಬರಲು ದಿಂಬಂ ಘಾಟಿ ಇಳಿಯಬೇಕು. 2022ರ ಫೆಬ್ರವರಿ 10ರಿಂದ ಆ ಘಾಟಿಯಲ್ಲಿ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಸರಕು ಲಾರಿಗಳನ್ನು ಬಿಡುವುದಿಲ್ಲ. ಕಾಡುಪ್ರಾಣಿಗಳ ರಕ್ಷಣೆಗಾಗಿ ಮದ್ರಾಸ್ ಹೈಕೋರ್ಟ್ ಮಾಡಿದ ಆದೇಶ ಅದು. ಲಾರಿ ರಾತ್ರಿಯಿಡೀ ಗಡಿಯ ಆಚೆಯೇ ನಿಲ್ಲಬೇಕಾಯಿತು. ಅದರ ಇ-ವೇ ಬಿಲ್ಲಿನ ಅವಧಿ ಅದೇ ನಡುರಾತ್ರಿ 12ಕ್ಕೆ ಮುಗಿಯುತ್ತಿತ್ತು.

ತಿಳಿಯದವರಿಗಾಗಿ ಎರಡು ಮಾತು. 50,000 ರೂಪಾಯಿಗೆ ಮೇಲ್ಪಟ್ಟ ತೆರಿಗೆ ಇರುವ ಸರಕನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸಲು 2018ರ ಏಪ್ರಿಲ್ 1ರಿಂದ ಇ-ವೇ ಬಿಲ್ ಕಡ್ಡಾಯ. ಈಗ ಪ್ರತಿ 200 ಕಿಲೋಮೀಟರಿಗೆ ಒಂದು ದಿನದ ಲೆಕ್ಕದಲ್ಲಿ ಅವಧಿ ಸಿಗುತ್ತದೆ. ದಾರಿಯಲ್ಲಿ ತಡವಾದರೆ, ಅವಧಿ ಮುಗಿಯುವ 8 ಗಂಟೆ ಮೊದಲಿನಿಂದ ಮುಗಿದ 8 ಗಂಟೆಯ ನಂತರದವರೆಗೆ ಅದನ್ನು ಆನ್‌ಲೈನಿನಲ್ಲಿ ವಿಸ್ತರಿಸಿಕೊಳ್ಳಬಹುದು. ಕಾರಣ, ಲಾರಿ ಈಗಿರುವ ಜಾಗ, ಪಿನ್‌ಕೋಡ್, ಉಳಿದಿರುವ ದೂರ ಇಷ್ಟನ್ನು ತುಂಬಿದರೆ ಸಾಕು, ಐದು ನಿಮಿಷದ ಕೆಲಸ. ವಿಸ್ತರಿಸದೆ ಲಾರಿ ಓಡಿಸಿ ಸಿಕ್ಕಿಬಿದ್ದರೆ ಜಿಎಸ್‌ಟಿ ಕಾಯ್ದೆಯ 129ನೇ ಸೆಕ್ಷನ್ ಪ್ರಕಾರ ಸರಕು ತಡೆಹಿಡಿಯಬಹುದು. ಮಾಲೀಕ ಮುಂದೆ ಬಂದರೂ ತೆರಿಗೆಯ ಎರಡರಷ್ಟು ದಂಡ.

ಲೆಕ್ಕ ಹಾಕಿ ನೋಡೋಣ. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಎಣ್ಣೆ ಕೊಬ್ಬರಿಗೆ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಾಲಿಗೆ 11,582 ರೂಪಾಯಿ. ಆ ದರ ಹಿಡಿದರೂ 100 ಕ್ವಿಂಟಾಲಿನ ಒಂದು ಲೋಡಿಗೆ 11,58,200 ರೂಪಾಯಿ. ಶೇಕಡ 5ರ ತೆರಿಗೆ 57,910. ಅದರ ಎರಡರಷ್ಟು ಎಂದರೆ 1,15,820 ರೂಪಾಯಿ. ಆ ಲೋಡಿನಲ್ಲಿ ಅವರಿಗೆ ಉಳಿಯುವ ಲಾಭ ಅದರ ಹತ್ತಿರಕ್ಕೂ ಬರುವುದಿಲ್ಲ ಎಂದು ಅವರೇ ಹೇಳಿದರು.

ಅವರು ಸಂಜೆ ಏಳಕ್ಕೆ ಲ್ಯಾಪ್‌ಟಾಪ್ ತೆರೆದು ಕೂತರು. ಹತ್ತು ಗಂಟೆಗೆ ಲಾಡ್ಜಿನ ಫೋನಿನಿಂದ ನಮಗೆ ಕರೆ ಮಾಡಿದರು. “ಸಾರ್, ನೆಟ್ ಇದೆ ಅಂತಾರೆ, ಕೆಲಸ ಆಗ್ತಾ ಇಲ್ಲ. ಓಟಿಪಿ ಮಾಳಿಗೆ ಮೇಲೆ ಬರುತ್ತೆ, ವೈಫೈ ಕೋಣೇಲಿ ಬರುತ್ತೆ. ಮೆಟ್ಟಿಲು ಹತ್ತಿ ಇಳಿದು ಕಾಲು ಬಿದ್ದುಹೋಯ್ತು.” ಅವರ ನೋಂದಾಯಿತ ನಂಬರು ಹಳೆಯ ಕೀಪ್ಯಾಡ್ ಫೋನಿನಲ್ಲಿತ್ತು. ಕೋಣೆಯಲ್ಲಿ ಅದಕ್ಕೆ ಸಿಗ್ನಲ್ ಇಲ್ಲ. ವೈಫೈಗೆ ಒಂದು ಓಟಿಪಿ, ಇ-ವೇ ಬಿಲ್ ಪೋರ್ಟಲಿಗೆ ಇನ್ನೊಂದು. ಮಾಳಿಗೆಯ ಮೇಲೆ ನಂಬರು ಬರೆದುಕೊಂಡು ಕೆಳಗೆ ಬರುವಷ್ಟರಲ್ಲಿ ಸಮಯ ಮುಗಿದಿರುತ್ತಿತ್ತು. ಲಾಡ್ಜಿನಲ್ಲಿ ಮದುವೆಯ ತಂಡ ಬೇರೆ ಇಳಿದಿತ್ತು. ಪುಟ ತೆರೆಯುವುದೇ ಕಷ್ಟವಾಗಿತ್ತು.

ನಮ್ಮ ಸದಸ್ಯರೊಬ್ಬರ ಮಗ ಬೈಕಿನಲ್ಲಿ ಹೋಗಿ, ಅವರನ್ನು ಲ್ಯಾಪ್‌ಟಾಪ್ ಸಹಿತ ಮಾಳಿಗೆಗೆ ಕರೆದೊಯ್ದು, ತನ್ನ ಫೋನಿನ ಹಾಟ್‌ಸ್ಪಾಟ್ ಹಾಕಿಕೊಟ್ಟ. ಹನ್ನೊಂದೂವರೆ ದಾಟಿದ ಮೇಲೆ ಕೆಲಸ ಮುಗಿಯಿತು. ನಷ್ಟವಾಗಲಿಲ್ಲ. ಆದರೆ ‘ವೈಫೈ ಇದೆ’ ಎಂದು ಹೇಳಿದವರು ನಾವು. ಆ ‘ಇದೆ’ ಎಂಬ ಮಾತಿನ ಅರ್ಥವೇನೆಂದು ಆಮೇಲೆ ತಿಳಿದವರನ್ನು ಕೇಳಿ, ನಾಲ್ಕಾರು ಕಡೆ ಹೋಗಿ ನೋಡಿ ಬಂದೆವು. ನಾವು ಇಂಜಿನಿಯರುಗಳಲ್ಲ. ನಮಗೆ ಅರ್ಥವಾದಷ್ಟನ್ನು ಇಲ್ಲಿ ಬರೆದಿದ್ದೇವೆ.

ಒಂದು ನಲ್ಲಿ, ಮೂವತ್ತು ಕೊಡ

ಲಾಡ್ಜಿಗೆ ಬರುವ ಇಂಟರ್ನೆಟ್ ಲೈನು ಸಾಮಾನ್ಯವಾಗಿ ಒಂದೇ. ‘ನಮ್ಮಲ್ಲಿ 100 ಎಂಬಿಪಿಎಸ್ ಲೈನ್ ಇದೆ’ ಎಂದು ಮ್ಯಾನೇಜರು ಹೇಳಿದರೆ ಅದು ಸುಳ್ಳಲ್ಲ. ಆದರೆ ಅದು ಇಡೀ ಕಟ್ಟಡಕ್ಕೆ ಬರುವ ನಲ್ಲಿ. ಮೂವತ್ತು ಕೋಣೆಯಲ್ಲಿ ಅರವತ್ತು ಫೋನುಗಳು ಒಂದೇ ಹೊತ್ತಿಗೆ ವಿಡಿಯೋ ನೋಡಲು ಕೂತರೆ ಒಂದೊಂದಕ್ಕೆ ಸಿಗುವುದು ಒಂದೂವರೆ ಎಂಬಿಪಿಎಸ್‌ಗಿಂತ ಸ್ವಲ್ಪ ಹೆಚ್ಚು. ಅದೂ ಸಮವಾಗಿ ಹಂಚಿದರೆ. ಸಮವಾಗಿ ಹಂಚುವ ವ್ಯವಸ್ಥೆ ಸಣ್ಣ ಲಾಡ್ಜುಗಳಲ್ಲಿ ಅಪರೂಪ. ಮೊದಲು ಕೊಡ ಇಟ್ಟವರಿಗೆ ನೀರು ಎಂಬಂತೆ ನಡೆಯುತ್ತದೆ.

ಭಾರತದಲ್ಲಿ ಬ್ರಾಡ್‌ಬ್ಯಾಂಡ್ ಎಂಬ ಹೆಸರು ಪಡೆಯಲು ಇರಬೇಕಾದ ಕನಿಷ್ಠ ಡೌನ್‌ಲೋಡ್ ವೇಗ 2004ರಲ್ಲಿ 256 ಕೆಬಿಪಿಎಸ್ ಇತ್ತು. 2013ರಲ್ಲಿ 512 ಆಯಿತು. 2023ರ ಜನವರಿಯಲ್ಲಿ 2 ಎಂಬಿಪಿಎಸ್‌ಗೆ ಏರಿತು. ಅರವತ್ತು ಫೋನಿನ ಲಾಡ್ಜಿನಲ್ಲಿ 100 ಎಂಬಿಪಿಎಸ್ ಲೈನು ಇದ್ದರೂ ಕೋಣೆಯೊಳಗಿನ ಒಬ್ಬ ಗಿರಾಕಿಗೆ ಆ ಕನಿಷ್ಠವೂ ಸಿಗದೆ ಹೋಗಬಹುದು ಎಂದಾಯಿತು.

ನಮ್ಮ ಭಾಗದಲ್ಲಿ ಇದು ಯಾವಾಗ ಕೆಡುತ್ತದೆ ಎಂಬುದನ್ನು ಪಂಚಾಂಗ ನೋಡಿಯೇ ಹೇಳಬಹುದು. ಮುಹೂರ್ತದ ದಿನಗಳ ಹಿಂದಿನ ರಾತ್ರಿ ಕಲ್ಯಾಣ ಮಂಟಪಗಳ ಹತ್ತಿರದ ಲಾಡ್ಜುಗಳೆಲ್ಲ ಭರ್ತಿ. ತೈಪೂಸಕ್ಕೆ ಶಿವನ್‌ಮಲೈ ತೇರಿನ ಜನಸಂದಣಿ. ಅಂಥ ದಿನಗಳಲ್ಲಿ ವೈಫೈ ಮಾತ್ರವಲ್ಲ, ಮೊಬೈಲ್ ಟವರಿನ ಮೇಲೂ ಅಷ್ಟೇ ಹೊರೆ. ಸಾಮಾನ್ಯ ದಿನಗಳಲ್ಲೂ ರಾತ್ರಿ ಊಟದ ಹೊತ್ತಿನಿಂದ ಮಲಗುವವರೆಗೆ ನಿಧಾನ. ಹೊರದೇಶದ ಖರೀದಿದಾರರ ಜೊತೆ ಮಾತಾಡಬೇಕಾದ ತಿರುಪ್ಪೂರಿನ ವ್ಯಾಪಾರಿಗಳಿಗೆ ಇದೇ ತೊಂದರೆ. ಯುರೋಪಿನಲ್ಲಿ ಮಧ್ಯಾಹ್ನವಾದಾಗ ನಮಗೆ ಸಂಜೆ, ಅಮೆರಿಕದಲ್ಲಿ ಬೆಳಗಾದಾಗ ನಮಗೆ ರಾತ್ರಿ. ಅವರ ಕೆಲಸದ ಹೊತ್ತೂ ಲಾಡ್ಜಿನವರು ಸಿನಿಮಾ ನೋಡುವ ಹೊತ್ತೂ ಒಂದೇ ಆಗುತ್ತದೆ.

ಇಳಿಯುವ ವೇಗ, ಏರುವ ವೇಗ

ಇನ್ನೊಂದು ವಿಷಯ ಗಮನಿಸಿ. ಸಿನಿಮಾ ನೋಡುವವರಿಗೆ ಬೇಕಾದುದು ಡೌನ್‌ಲೋಡ್. ವ್ಯಾಪಾರಿಗೆ ಬೇಕಾದುದು ಅಷ್ಟೇ ಅಲ್ಲ. ಬಿಲ್ಲಿನ ಸ್ಕ್ಯಾನ್ ಪ್ರತಿ ಕಳುಹಿಸುವುದು, ಸರಕಿನ ಫೋಟೋ ಕಳುಹಿಸುವುದು, ವಿಡಿಯೋ ಕರೆಯಲ್ಲಿ ಮುಖ ತೋರಿಸಿ ಮಾತಾಡುವುದು, ಇವಕ್ಕೆಲ್ಲ ಅಪ್‌ಲೋಡ್ ಬೇಕು. ಬೋರ್ಡಿನಲ್ಲಿ ಬರೆಯುವುದು ಡೌನ್‌ಲೋಡ್ ವೇಗವನ್ನು ಮಾತ್ರ.

ಫೈಲಿನ ಗಾತ್ರವನ್ನು ಬೈಟ್‌ನಲ್ಲಿ ಹೇಳುತ್ತಾರೆ, ವೇಗವನ್ನು ಬಿಟ್‌ನಲ್ಲಿ. ಎಂಟು ಬಿಟ್ ಸೇರಿ ಒಂದು ಬೈಟ್. 5 ಎಂಬಿ ಗಾತ್ರದ ಒಂದು ಫೈಲು 2 ಎಂಬಿಪಿಎಸ್ ಅಪ್‌ಲೋಡ್ ಇದ್ದರೆ 20 ಸೆಕೆಂಡಿನಲ್ಲಿ ಹೋಗುತ್ತದೆ. ವೇಗ 0.2 ಇದ್ದರೆ 200 ಸೆಕೆಂಡು, ಅಂದರೆ ಮೂರು ನಿಮಿಷಕ್ಕೂ ಮೇಲೆ. ಅಷ್ಟು ಹೊತ್ತು ಕಾಯದೆ ಸರ್ಕಾರಿ ಪೋರ್ಟಲು, ಬ್ಯಾಂಕಿನ ಪುಟ ನಮ್ಮನ್ನು ಹೊರಗೆ ಹಾಕಬಹುದು. ಮತ್ತೆ ಲಾಗಿನ್, ಮತ್ತೆ ಓಟಿಪಿ. ಪ್ರತಿ ತಿಂಗಳ 11 ಮತ್ತು 20ನೇ ತಾರೀಕಿನ ಆಸುಪಾಸಿನಲ್ಲಿ ಜಿಎಸ್‌ಟಿ ರಿಟರ್ನ್ ಕೆಲಸ ಇಟ್ಟುಕೊಂಡು ಪ್ರಯಾಣ ಮಾಡುವವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಗೋಡೆಯ ಆಚೆ

ಲೈನು ಚೆನ್ನಾಗಿದ್ದರೂ ಅದು ನಿಮ್ಮ ಮಂಚದ ಹತ್ತಿರ ಬರಬೇಕಲ್ಲ. ಹಲವು ಲಾಡ್ಜುಗಳಲ್ಲಿ ವೈಫೈ ಪೆಟ್ಟಿಗೆ ಇರುವುದು ರಿಸೆಪ್ಷನ್ ಮೇಜಿನ ಮೇಲೆ, ಇಲ್ಲವೇ ಮಹಡಿಗೊಂದರಂತೆ ಓಣಿಯಲ್ಲಿ. ಓಣಿಯ ಕೊನೆಯ ಕೋಣೆಗೆ ತಲುಪುವ ಮೊದಲು ಅದು ಮೂರು ನಾಲ್ಕು ಗೋಡೆ ದಾಟಬೇಕು.

ವೈಫೈ ಎರಡು ಬಗೆಯ ಅಲೆಗಳಲ್ಲಿ ಬರುತ್ತದೆ. 2.4 ಗಿಗಾಹರ್ಟ್ಸ್ ಅಲೆ ಗೋಡೆ ದಾಟಿ ದೂರ ಹೋಗುತ್ತದೆ, ಆದರೆ ಅದರಲ್ಲಿ ಒಂದಕ್ಕೊಂದು ತಾಗದ ದಾರಿ ಮೂರೇ ಮೂರು. ಅಕ್ಕಪಕ್ಕದ ಅಂಗಡಿ, ಮನೆಗಳ ವೈಫೈ ಕೂಡ ಅದರಲ್ಲೇ ನುಗ್ಗುತ್ತದೆ. 5 ಗಿಗಾಹರ್ಟ್ಸ್ ಅಲೆಗೆ ವೇಗ ಹೆಚ್ಚು, ಗೋಡೆ ದಾಟುವ ಶಕ್ತಿ ಕಡಿಮೆ. ಫೋನಿನಲ್ಲಿ ವೈಫೈ ಹೆಸರಿನ ಕೊನೆಗೆ ‘5ಜಿ’ ಎಂದು ಕಂಡರೆ ಸಾಮಾನ್ಯವಾಗಿ ಅದು ಈ ಅಲೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಮೊಬೈಲಿನ 5ಜಿ ಬೇರೆ, ಇದು ಬೇರೆ. ಓಣಿಯ ಪೆಟ್ಟಿಗೆಗೆ ಹತ್ತಿರದ ಕೋಣೆ ಸಿಕ್ಕರೆ ಇದನ್ನೇ ಹಿಡಿಯಿರಿ, ದೂರದ ಕೋಣೆಯಾದರೆ ಹಳೆಯದೇ ಮೇಲು.

ಮೊಬೈಲ್ ಸಿಗ್ನಲಿಗೂ ಗೋಡೆಯೇ ಅಡ್ಡಿ. ಕಬ್ಬಿಣ ತುಂಬಿದ ಕಾಂಕ್ರೀಟು, ಕಟ್ಟಡದ ನಡುವೆ ಹೊರಗಿನ ಕಿಟಕಿಯೇ ಇಲ್ಲದ ಕೋಣೆ, ಅಲ್ಲಿ ಕಂಬಿ ಒಂದೂ ಕಾಣುವುದಿಲ್ಲ. ಎಸಿ ಕೋಣೆ ಎಂದು ಸಂತೋಷಪಟ್ಟು ಒಳಗಿನ ಕೋಣೆ ಒಪ್ಪಿಕೊಂಡವರೇ ಹೆಚ್ಚಾಗಿ ಸಿಕ್ಕಿಕೊಳ್ಳುತ್ತಾರೆ.

ಓಟಿಪಿ ಏಕೆ ಕೇಳುತ್ತಾರೆ

ವೈಫೈಗೆ ಓಟಿಪಿ ಕೇಳುವುದಕ್ಕೆ ರಿಸೆಪ್ಷನ್‌ನಲ್ಲಿರುವ ಹುಡುಗನನ್ನು ಗದರಿಸಬೇಡಿ. ಅದಕ್ಕೊಂದು ಹಿನ್ನೆಲೆ ಇದೆ. 2008ರ ಜುಲೈನಲ್ಲಿ ಅಹಮದಾಬಾದಿನಲ್ಲಿ ಸರಣಿ ಬಾಂಬ್ ಸ್ಫೋಟ ನಡೆದಾಗ ಭಯೋತ್ಪಾದಕರ ಇ-ಮೇಲ್ ಹೊರಟದ್ದು ನವಿ ಮುಂಬೈಯ ಒಂದು ಮನೆಯ ವೈಫೈಯಿಂದ. ಅದಕ್ಕೆ ಸರಿಯಾದ ಬೀಗ ಇರಲಿಲ್ಲ. ಮನೆಯಲ್ಲಿದ್ದ ವಿದೇಶಿ ಪ್ರಜೆಗೆ ಏನೂ ಗೊತ್ತಿರಲಿಲ್ಲ. ಆಮೇಲೆ 2009ರ ಫೆಬ್ರವರಿಯಲ್ಲಿ ದೂರಸಂಪರ್ಕ ಇಲಾಖೆ, ಸಾರ್ವಜನಿಕ ಜಾಗಗಳಲ್ಲಿ ವೈಫೈ ಬಳಸುವವರು ಯಾರೆಂದು ಗುರುತಿಸಿಯೇ ಸಂಪರ್ಕ ಕೊಡಬೇಕೆಂದು ಸೂಚನೆ ಹೊರಡಿಸಿತು. ಫೋನ್ ನಂಬರಿಗೆ ಓಟಿಪಿ ಕಳುಹಿಸುವುದು ಆ ಗುರುತಿಸುವಿಕೆಯ ಸುಲಭ ದಾರಿ.

ಆದರೆ ಈ ನಿಯಮ ಮತ್ತು ಆ ಗೋಡೆ ಸೇರಿದಾಗ ನಮ್ಮ ಅರಸೀಕೆರೆಯವರಿಗೆ ಆದದ್ದು ಆಗುತ್ತದೆ. ಮೊಬೈಲ್ ಸಿಗ್ನಲ್ ಇಲ್ಲದವರಿಗೇ ವೈಫೈ ಹೆಚ್ಚು ಬೇಕು. ವೈಫೈ ಸಿಗಬೇಕಾದರೆ ಮೊಬೈಲ್ ಸಿಗ್ನಲ್ ಬೇಕು. ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕಿದಂತೆ.

ಇನ್ನೂ ಎರಡು ತೊಡಕುಗಳಿವೆ. ಫೋನಿಗೆ ಒಮ್ಮೆ ಓಟಿಪಿ ಹಾಕಿದರೆ ಲ್ಯಾಪ್‌ಟಾಪಿಗೆ ಮತ್ತೊಮ್ಮೆ ಹಾಕಬೇಕು. ಹಲವು ಕಡೆ 24 ಗಂಟೆಗೊಮ್ಮೆ ಸಂಪರ್ಕ ತಾನಾಗಿ ಕಡಿದು ಹೊಸ ಓಟಿಪಿ ಕೇಳುತ್ತದೆ. ಎರಡನೆಯದು ಹೊರದೇಶದಿಂದ ಬರುವ ನಮ್ಮ ಮಕ್ಕಳ ಕಷ್ಟ. ಅವರ ಬಳಿ ಅಲ್ಲಿನ ನಂಬರು ಮಾತ್ರ ಇರುತ್ತದೆ. ಇಲ್ಲಿನ ಪುಟ ಹತ್ತಂಕಿಯ ಭಾರತದ ನಂಬರನ್ನೇ ಕೇಳುತ್ತದೆ. ಅಂಥವರಿಗೆ ರಿಸೆಪ್ಷನ್‌ನಲ್ಲಿ ಗುರುತಿನ ಚೀಟಿ ನೋಡಿ ಪಾಸ್‌ವರ್ಡ್ ಬರೆದುಕೊಡುವ ವ್ಯವಸ್ಥೆ ಇದೆಯೇ ಎಂದು ಮುಂಚೆಯೇ ಕೇಳಬೇಕು.

ಕರೆಂಟ್ ಹೋದಾಗ

ತಮಿಳುನಾಡಿನಲ್ಲಿ ಸಬ್‌ಸ್ಟೇಷನ್ ನಿರ್ವಹಣೆಗೆಂದು ತಿಂಗಳಿಗೊಂದು ದಿನ ಹಗಲು ಹೊತ್ತು ವಿದ್ಯುತ್ ನಿಲ್ಲಿಸುವ ರೂಢಿ ಇದೆ. ಯಾವ ಪ್ರದೇಶಕ್ಕೆ ಯಾವ ದಿನ ಎಂದು ಪತ್ರಿಕೆಯಲ್ಲಿ ಬರುತ್ತದೆ. ಲಾಡ್ಜಿನ ಜನರೇಟರು ಲಿಫ್ಟು, ದೀಪ, ಫ್ಯಾನು ನಡೆಸುತ್ತದೆ. ವೈಫೈ ಪೆಟ್ಟಿಗೆಗಳಿಗೆ ಬ್ಯಾಟರಿ ಬೆಂಬಲ ಇಲ್ಲದಿದ್ದರೆ, ಕರೆಂಟ್ ಹೋಗಿ ಜನರೇಟರು ಶುರುವಾಗುವ ಆ ಅರ್ಧ ನಿಮಿಷದಲ್ಲಿ ಅವು ಆರಿ ಹೊತ್ತಿಕೊಳ್ಳುತ್ತವೆ. ಮತ್ತೆ ಸಂಪರ್ಕ ಸಿಗಲು ಕೆಲವು ನಿಮಿಷ ಬೇಕು. ದೀಪ ಉರಿಯುತ್ತಿದೆ, ನೆಟ್ ಏಕಿಲ್ಲ ಎಂದು ಗಿರಾಕಿ ಜಗಳವಾಡುವುದು ಈ ಕಾರಣಕ್ಕೆ. ಒಂದು ಸಣ್ಣ ಬ್ಯಾಟರಿ ಇಟ್ಟರೆ ಮುಗಿಯುವ ವಿಷಯ. ಇಟ್ಟಿದ್ದಾರೆಯೇ ಎಂದು ಕೇಳಿದವರೇ ಕಡಿಮೆ.

ಹಣ ಹೆಚ್ಚು ಕೊಟ್ಟರೆ?

ಹೆಚ್ಚು ಬಾಡಿಗೆಯ ಹೋಟೆಲಿಗೆ ಹೋದರೆ ಈ ತಾಪತ್ರಯ ಇರುವುದಿಲ್ಲ ಎಂದು ಕೆಲವರು ಹೇಳುತ್ತಾರೆ. ಕಡಿಮೆ ಇರಬಹುದು, ಇರುವುದೇ ಇಲ್ಲ ಎನ್ನುವಂತಿಲ್ಲ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಮ್ಯಾರಿಯಟ್ ನಡೆಸುತ್ತಿದ್ದ ದೊಡ್ಡ ಹೋಟೆಲೊಂದರಲ್ಲಿ, ಸಮ್ಮೇಳನಕ್ಕೆ ಬಂದವರು ತಮ್ಮದೇ ಫೋನಿನ ಹಾಟ್‌ಸ್ಪಾಟ್ ಬಳಸದಂತೆ ತಡೆದು, ಹೋಟೆಲಿನ ವೈಫೈಗೆ ಒಂದು ಉಪಕರಣಕ್ಕೆ 250ರಿಂದ 1,000 ಡಾಲರ್‌ವರೆಗೆ ವಸೂಲು ಮಾಡುತ್ತಿದ್ದರು. 2014ರ ಅಕ್ಟೋಬರ್‌ನಲ್ಲಿ ಅಲ್ಲಿನ ಸಂಪರ್ಕ ಆಯೋಗ 6 ಲಕ್ಷ ಡಾಲರ್ ದಂಡ ಹಾಕಿತು.

ಅದೇ ವರ್ಷ ನವೆಂಬರ್‌ನಲ್ಲಿ ಕ್ಯಾಸ್ಪರ್‌ಸ್ಕಿ ಎಂಬ ಕಂಪ್ಯೂಟರ್ ಸುರಕ್ಷತಾ ಸಂಸ್ಥೆ ಇನ್ನೊಂದು ವಿಷಯ ಹೊರಗೆಡವಿತು. ಏಷ್ಯಾದ ದುಬಾರಿ ಹೋಟೆಲುಗಳಲ್ಲಿ ಇಳಿಯುವ ವ್ಯಾಪಾರಸ್ಥರು ವೈಫೈಗೆ ಸೇರಿದ ಕೂಡಲೇ ‘ಈ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ’ ಎಂಬ ಸುಳ್ಳು ಸೂಚನೆ ತೋರಿಸಿ, ಒಪ್ಪಿದವರ ಕಂಪ್ಯೂಟರಿನೊಳಗೆ ಕಳ್ಳ ಪ್ರೋಗ್ರಾಂ ಇಳಿಸಲಾಗುತ್ತಿತ್ತು. ಆ ಗುಂಪಿಗೆ ‘ಡಾರ್ಕ್‌ಹೋಟೆಲ್’ ಎಂದೇ ಹೆಸರಿಟ್ಟರು.

ನಮಗೆ ಇದರ ಪಾಠ ಸರಳ. ಹೋಟೆಲ್ ವೈಫೈಯಲ್ಲಿ ಇರುವಾಗ ಯಾವ ಅಪ್‌ಡೇಟಿಗೂ ‘ಸರಿ’ ಒತ್ತಬೇಡಿ, ಮನೆಗೆ ಹೋಗಿ ಮಾಡಿಕೊಳ್ಳಿ. ಹೋಟೆಲಿನ ಹೆಸರನ್ನೇ ಹೋಲುವ ಎರಡು ವೈಫೈ ಕಂಡರೆ ಯಾವುದು ತಮ್ಮದೆಂದು ರಿಸೆಪ್ಷನ್‌ನಲ್ಲಿ ಕೇಳಿ. ಬ್ಯಾಂಕಿನ ವ್ಯವಹಾರಕ್ಕೆ ಸಾಧ್ಯವಾದಷ್ಟೂ ನಿಮ್ಮ ಸ್ವಂತ ಮೊಬೈಲ್ ಡೇಟಾ ಬಳಸಿ. ಹೋಟೆಲಿನವರು ವೈಫೈಗಾಗಿ ಎಂದು ಬ್ಯಾಂಕ್ ಓಟಿಪಿ, ಕಾರ್ಡ್ ನಂಬರ್ ಕೇಳಿದರೆ ಕೊಡಲೇಬೇಡಿ.

ಕೋಣೆ ಹಿಡಿಯುವ ಮೊದಲು ಕೇಳಬೇಕಾದ್ದು

‘ವೈಫೈ ಇದೆಯೇ’ ಎಂದು ಕೇಳಿದರೆ ‘ಇದೆ’ ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಕೆಳಗಿನ ಪ್ರಶ್ನೆಗಳನ್ನು ಕೇಳಿ. ಇಲ್ಲಿ ಹೆಚ್ಚಿನ ಕಡೆ ತಮಿಳು ಮಾತ್ರ ನಡೆಯುವುದರಿಂದ ಆ ಮಾತುಗಳನ್ನೂ ಕೊಟ್ಟಿದ್ದೇವೆ.

1. ಕೋಣೆಯೊಳಗೆ ಮೊಬೈಲ್ ಸಿಗ್ನಲ್ ಸಿಗುತ್ತದೆಯೇ? — “ರೂಮ್‌ಲ ಸಿಗ್ನಲ್ ಕಿಡೈಕ್ಕುಮಾ?”

2. ಓಟಿಪಿ ಇಲ್ಲದೆ ಪಾಸ್‌ವರ್ಡ್ ಸಿಗುತ್ತದೆಯೇ? — “ಓಟಿಪಿ ಇಲ್ಲಾಮ ಪಾಸ್‌ವರ್ಡ್ ಕಿಡೈಕ್ಕುಮಾ?”

3. ಕರೆಂಟ್ ಹೋದರೆ ವೈಫೈ ಬರುತ್ತದೆಯೇ? — “ಕರೆಂಟ್ ಪೋನಾ ವೈಫೈ ವರುಮಾ?”

4. ಇವತ್ತು ಮದುವೆಯ ಪಾರ್ಟಿ ಇದೆಯೇ? — “ಇನ್ನಿಕ್ಕಿ ಕಲ್ಯಾಣ ಪಾರ್ಟಿ ಇರುಕ್ಕಾ?”

5. ಮೊದಲು ಕೋಣೆ ನೋಡಬಹುದೇ? — “ಮೊದಲ್ಲ ರೂಮ್ ಪಾಕ್ಕಲಾಮಾ?”

ಐದನೆಯದು ಎಲ್ಲಕ್ಕಿಂತ ಮುಖ್ಯ. ಮುಂಗಡ ಕೊಡುವ ಮೊದಲು ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಮೇಜಿನ ಹತ್ತಿರ ನಿಂತು ಫೋನ್ ನೋಡಿ. ಬಾಗಿಲು ತೆರೆದಿದ್ದರೆ ಓಣಿಯ ಸಿಗ್ನಲ್ ಒಳಗೆ ಬಂದು ಮೋಸವಾಗುತ್ತದೆ. ವೇಗ ಅಳೆಯುವ ಆ್ಯಪ್ ಇದ್ದರೆ ಅಪ್‌ಲೋಡ್ ಅಂಕಿ ನೋಡಿ. ಇಲ್ಲದಿದ್ದರೆ ಮನೆಗೆ ಒಂದು ವಿಡಿಯೋ ಕರೆ ಮಾಡಿ. ಎರಡು ನಿಮಿಷ ಮಾತು ತುಂಡಾಗದೆ, ನಿಮ್ಮ ಮುಖ ಅವರಿಗೆ ಸ್ಪಷ್ಟವಾಗಿ ಕಂಡರೆ ನಿಮ್ಮ ಕೆಲಸಕ್ಕೆ ಅಷ್ಟು ಸಾಕು. ಮನೆಯವರಿಗೂ ತಲುಪಿದ ಸುದ್ದಿ ಸಿಕ್ಕಂತಾಯಿತು.

ಜೊತೆಯಲ್ಲಿ ಇಟ್ಟುಕೊಳ್ಳಬೇಕಾದ್ದು

ಒಂದನ್ನೇ ನಂಬಿ ಪ್ರಯಾಣ ಮಾಡಬೇಡಿ. ಎರಡು ಬೇರೆ ಬೇರೆ ಕಂಪನಿಯ ಸಿಮ್ ಇರಲಿ. ಒಂದರ ಟವರು ದೂರವಿದ್ದರೆ ಇನ್ನೊಂದರದು ಹತ್ತಿರವಿರಬಹುದು. ಡೇಟಾ ಪ್ಯಾಕ್ ಹೊರಡುವ ಮೊದಲೇ ಹಾಕಿಸಿ. ಫೋನಿನ ಹಾಟ್‌ಸ್ಪಾಟ್ ಹೇಗೆ ಹಾಕುವುದೆಂದು ಮಕ್ಕಳಿಂದ ಕಲಿತುಕೊಳ್ಳಿ, ನಾವೂ ಹಾಗೆಯೇ ಕಲಿತದ್ದು.

ಸ್ಮಾರ್ಟ್‌ಫೋನಿನಲ್ಲಿ ‘ವೈಫೈ ಕಾಲಿಂಗ್’ ಎಂಬ ಸೌಲಭ್ಯ ಇರುತ್ತದೆ. ರಿಸೆಪ್ಷನ್‌ನಲ್ಲಿ ಸಿಗ್ನಲ್ ಇರುವ ಕಡೆ ನಿಂತು ಮೊದಲು ವೈಫೈಗೆ ಸೇರಿಕೊಂಡು, ಇದನ್ನು ಚಾಲೂ ಮಾಡಿ ಕೋಣೆಗೆ ಹೋದರೆ, ಸಿಗ್ನಲ್ ಇಲ್ಲದಿದ್ದರೂ ಕರೆ ಬರುತ್ತದೆ. ಹಲವು ಫೋನುಗಳಲ್ಲಿ ಎಸ್‌ಎಂಎಸ್ ಕೂಡ ಬರುತ್ತದೆ.

ಇ-ವೇ ಬಿಲ್ ಮಾಡುವವರಿಗೆ ಒಂದು ಮುಖ್ಯ ಮಾತು. 2025ರಲ್ಲಿ ಹಂತಹಂತವಾಗಿ ಆ ಪೋರ್ಟಲಿಗೆ ಎರಡು ಹಂತದ ಲಾಗಿನ್ ಕಡ್ಡಾಯವಾಗುತ್ತ ಬಂತು. ಪಾಸ್‌ವರ್ಡ್ ಜೊತೆಗೆ ಓಟಿಪಿಯೂ ಬೇಕು. ಅದು ಎಸ್‌ಎಂಎಸ್‌ನಲ್ಲೇ ಬರಬೇಕೆಂದಿಲ್ಲ. ‘ಎನ್‌ಐಸಿ-ಜಿಎಸ್‌ಟಿ-ಶೀಲ್ಡ್’ ಎಂಬ ಸರ್ಕಾರಿ ಆ್ಯಪನ್ನು ಇ-ವೇ ಬಿಲ್ ಪೋರ್ಟಲಿನಿಂದಲೇ ಇಳಿಸಿಕೊಂಡು ಒಮ್ಮೆ ನೋಂದಾಯಿಸಿದರೆ, ಅದು ಫೋನಿನಲ್ಲೇ ಓಟಿಪಿ ತೋರಿಸುತ್ತದೆ. ಅದಕ್ಕೆ ಮೊಬೈಲ್ ಸಿಗ್ನಲೂ ಬೇಡ, ಇಂಟರ್ನೆಟ್ಟೂ ಬೇಡ. 30 ಸೆಕೆಂಡಿಗೊಮ್ಮೆ ಅಂಕಿ ಬದಲಾಗುತ್ತಿರುತ್ತದೆ, ಅಷ್ಟೆ. ನಮ್ಮ ಅರಸೀಕೆರೆಯವರು ಈಗ ಇದನ್ನೇ ಬಳಸುತ್ತಿದ್ದಾರೆ. ನೋಂದಣಿಯನ್ನು ಮನೆಯಲ್ಲಿ, ಸಿಗ್ನಲ್ ಇರುವಾಗಲೇ ಮಾಡಿಟ್ಟುಕೊಳ್ಳಿ.

ಲಾರಿ ತಡವಾಗುವ ಸೂಚನೆ ಸಿಕ್ಕ ಕೂಡಲೇ, ಅವಧಿ ಮುಗಿಯಲು 8 ಗಂಟೆ ಇರುವಾಗಲೇ ವಿಸ್ತರಿಸಿ. ರಾತ್ರಿ ಊಟ ಮಾಡಿ ನೋಡೋಣ ಎಂದುಕೊಳ್ಳಬೇಡಿ, ಊಟದ ಹೊತ್ತಿಗೇ ನೆಟ್ ನಿಧಾನವಾಗುವುದು. ವಿಸ್ತರಣೆ ಆಗುವವರೆಗೆ ಲಾರಿ ನಿಂತಲ್ಲೇ ಇರಲಿ ಎಂದು ಡ್ರೈವರಿಗೆ ಮುಂಚೆಯೇ ಹೇಳಿಡಿ. ಘಾಟಿಯ ಕಾಡಿನಲ್ಲಿ ಅವರ ಫೋನೂ ಸಿಗುವುದಿಲ್ಲ.

ಸಂಘದ ಕಡೆಯಿಂದ

ಇನ್ನು ಮುಂದೆ ಯಾರಾದರೂ ಲಾಡ್ಜ್ ಕೇಳಿದರೆ ನಾವು ಬರಿದೇ ‘ವೈಫೈ ಇದೆ’ ಎನ್ನುವುದಿಲ್ಲ. ಕಾಂಗೇಯಂ, ತಿರುಪ್ಪೂರಿನಲ್ಲಿ ನಮ್ಮವರು ಸಾಮಾನ್ಯವಾಗಿ ಇಳಿಯುವ ಲಾಡ್ಜುಗಳ ಒಂದು ಪಟ್ಟಿ ಮಾಡುತ್ತಿದ್ದೇವೆ. ಯಾವ ಮಹಡಿಯಲ್ಲಿ ಸಿಗ್ನಲ್ ಇದೆ, ಯಾವ ಕಂಪನಿಯ ಸಿಮ್ ಹಿಡಿಯುತ್ತದೆ, ಓಟಿಪಿ ಇಲ್ಲದೆ ಪಾಸ್‌ವರ್ಡ್ ಕೊಡುತ್ತಾರೆಯೇ, ಕರೆಂಟ್ ಹೋದಾಗ ಏನಾಗುತ್ತದೆ ಎಂಬ ನಾಲ್ಕೇ ಕಾಲಮ್ಮು. ಯಾರನ್ನೂ ಹೊಗಳುವುದಕ್ಕಾಗಲಿ ತೆಗಳುವುದಕ್ಕಾಗಲಿ ಅಲ್ಲ. ನೀವು ಇಳಿದ ಕೋಣೆಯ ವಿವರ ಕಳುಹಿಸಿದರೆ ಸೇರಿಸುತ್ತೇವೆ. ಕೋಣೆ ನಂಬರು, ತಾರೀಕು, ಹೊತ್ತು ತಪ್ಪದೆ ಬರೆಯಿರಿ. ಬೆಳಿಗ್ಗೆ ಆರಕ್ಕೆ ಚೆನ್ನಾಗಿದ್ದದ್ದು ರಾತ್ರಿ ಒಂಬತ್ತಕ್ಕೂ ಹಾಗೆಯೇ ಇರುತ್ತದೆ ಎಂದು ಹೇಳಲಾಗದು.

ಲಾಡ್ಜ್ ನಡೆಸುವ ಇಬ್ಬರು ಮೂವರ ಹತ್ತಿರವೂ ಮಾತಾಡಿದೆವು. ಅವರ ಕಷ್ಟವೂ ಇದೆ: ಗಿರಾಕಿ ಬಾಡಿಗೆಯಲ್ಲಿ ಐವತ್ತು ರೂಪಾಯಿಗೆ ಚೌಕಾಸಿ ಮಾಡುತ್ತಾನೆ, ವೈಫೈ ಮಾತ್ರ ಪುಕ್ಕಟೆ ಬೇಕು ಎನ್ನುತ್ತಾನೆ. ಆದರೂ ಒಬ್ಬರು ನಮ್ಮ ಮಾತು ಕೇಳಿ ವೈಫೈ ಪೆಟ್ಟಿಗೆಗಳಿಗೆ ಬ್ಯಾಟರಿ ಹಾಕಿಸಿದ್ದಾರೆ. ಕೇಳುವವರಿದ್ದರೆ ಮಾಡುವವರೂ ಇರುತ್ತಾರೆ ಎಂಬುದಕ್ಕೆ ಇದೇ ಸಾಕ್ಷಿ.

ಈ ವಿಷಯವನ್ನು ಮುಂದಿನ ಮಾಸಿಕ ಸಭೆಯಲ್ಲಿ ಕಾಫಿಯ ನಂತರ ಅರ್ಧ ಗಂಟೆ ಇಟ್ಟುಕೊಂಡಿದ್ದೇವೆ. ಹಾಟ್‌ಸ್ಪಾಟ್ ಹಾಕುವುದು, ಓಟಿಪಿ ಆ್ಯಪ್ ನೋಂದಾಯಿಸುವುದು ಎರಡನ್ನೂ ನಮ್ಮ ಯುವ ಸದಸ್ಯರು ತೋರಿಸಿಕೊಡುತ್ತಾರೆ. ಆ ರಾತ್ರಿ ಬೈಕಿನಲ್ಲಿ ಹೋದ ಹುಡುಗನೂ ಬರುತ್ತಾನೆ. ಫೋನನ್ನು ಪೂರ್ತಿ ಚಾರ್ಜ್ ಮಾಡಿ ತನ್ನಿ. ಸಭೆ ನಡೆಯುವ ಕೋಣೆಯಲ್ಲಿ ಸಿಗ್ನಲ್ ಸಿಗುತ್ತದೆ, ಬಾಗಿಲು ಹಾಕಿ ನೋಡಿದ್ದೇವೆ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ